ಕುರಿಯ ಹೊಗೆ, ಕೋಳಿಮರಿಯ ಕೆಮ್ಮು

ದಾಳಿಂಬ ಎಂಬ ಊರಿನ ನಮ್ಮದು ಕುರಿ ಸಾಕುವ ಮನೆ. ನಮ್ಮ ಅಂಗಳದಲ್ಲಿ ಕೆಮ್ಮುವ ಹಕ್ಕು ಕುರಿಗಳಿಗೆ ಮತ್ತು ಅಪ್ಪನಿಗೆ ಮಾತ್ರ ಇತ್ತು. ಅಂಥ ಮನೆಗೆ ಅಣ್ಣನ ಹೆಂಡತಿ, ನಮ್ಮ ವೈನಿ, ಮದುವೆಯಾದ ವರ್ಷದೊಳಗೆ ದೇವಣಿಯ ತವರಿನಿಂದ ಹತ್ತು ಕೋಳಿಮರಿ ತಂದಳು. ಈ ಮನೆಯಲ್ಲಿ ಆಕೆ ತನ್ನದು ಅನ್ನಬಹುದಾಗಿದ್ದ ಮೊದಲ ಜೀವಗಳು ಅವೇ. ನಮ್ಮಜ್ಜಿ, ಅಂದರೆ ಆಯಿ, ಅವುಗಳನ್ನು ನೋಡಿ ತೀರ್ಪು ಕೊಟ್ಟುಬಿಟ್ಟಳು: "ಕೋಳಿ ನಮ್ಮ ಮನಿಗಿ ಕೂಡಿ ಬರಂಗಿಲ್ಲ. ಇವು ಸತ್ತರ ಮತ್ತ ತರಬ್ಯಾಡ."

ನನ್ನ ಡಿಗ್ರಿ ಮುಗಿದು ಎರಡು ವರ್ಷವಾಗಿತ್ತು. ಕೈಗೆ ಹತ್ತಿದ ಕಸುಬು ಒಂದೇ, ಯಾರ ದನಿಯನ್ನಾದರೂ ಅನುಕರಿಸಿ ತೆಗೆಯುವುದು. ಉಮರ್ಗಾ ಬಸ್ಸಿನ ಕಂಡಕ್ಟರ್, ಅಪ್ಪನ ಸೀನು, ಸಂದರ್ಶನದಲ್ಲಿ ತೊದಲುವ ನಾನು, ಎಲ್ಲವನ್ನೂ ಮಾಡುತ್ತಿದ್ದೆ. ಮರಿಗಳು ಬಂದ ಮೇಲೆ ಬಾಗಿಲ ಹಿಂದೆ ನಿಂತು ಮರಿ ಸಾಯುವ ದನಿ ತೆಗೆದೆ. ವೈನಿ ಮೂರು ಸಲ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನಾಲ್ಕನೆಯ ಸಲ ಒಳಗಿನಿಂದಲೇ ಹೇಳಿದಳು: "ಸಾಕ ಮಾಡ್ರಿ ಇನ್ನ."

ಆಗ ನನ್ನ ಬಾಯಿ ತುಂಬ ರೊಟ್ಟಿ ಇತ್ತು. ದನಿ ನನ್ನದಲ್ಲ.

ಹೋಗಿ ನೋಡಿದರೆ ಎರಡು ಮರಿ ಕುತ್ತಿಗೆ ಚಾಚಿ, ಬಾಯಿ ತೆರೆದು ಗೊರಗೊರ ಅನ್ನುತ್ತಿದ್ದವು. ಮೂಗಿನಲ್ಲಿ ನೀರು. ಆಯಿ ಕೂಡಲೇ ಕುರಿಮರಿಯ ಇಲಾಜು ಶುರು ಮಾಡಿದಳು. ಬೀರಪ್ಪ ದೇವರ ಭಂಡಾರವನ್ನು ಹಣೆಗೆ ಹಚ್ಚಬೇಕಿತ್ತು. ಕೋಳಿಗೆ ಹಣೆ ಎಲ್ಲಿ ಅಂತ ತಿಳಿಯದೆ ಇಡೀ ತಲೆಗೇ ಅರಿಶಿನ ಬಳಿದಳು. ಆಮೇಲೆ ಹತ್ತನ್ನೂ ಬುಟ್ಟಿಯಡಿ ಕೂಡಿ, ಮೇಲೆ ಗೋಣಿಚೀಲ ಹೊದಿಸಿ, ಒಳಗೆ ಹೋಗುವಂತೆ ಪಕ್ಕದಲ್ಲಿ ಒಂದು ಮಡಕೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಇಟ್ಟಳು. ದಿನಕ್ಕೆ ಎರಡು ಹೊತ್ತು. ಮೂರನೆಯ ದಿನಕ್ಕೆ ಗೊರಗೊರ ಅನ್ನುವವು ಆರಾದವು, ಒಂದು ಸತ್ತಿತು. ವೈನಿ ಅದನ್ನು ಬೇಲಿಯಾಚೆ ಹುಗಿದು ಬಂದಳು. ನಾನು ಅವತ್ತು ಯಾರ ದನಿಯನ್ನೂ ತೆಗೆಯಲಿಲ್ಲ.

ಮರುದಿನ ಆಕೆ ನನ್ನನ್ನು ಉಮರ್ಗಾದ ದನದ ದವಾಖಾನೆಗೆ ಅಟ್ಟಿದಳು. ಬೈಕಿನ ಗಾಳಿಗೆ ಮರಿ ಸಾಯುತ್ತದೆಂದು ಮರಿ ಕೊಡಲಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ, ಆದರೆ ಅದರಲ್ಲಿ ಕೇಳುತ್ತಿದ್ದದ್ದು ಆಯಿಯ ಬೈಗುಳ ಮಾತ್ರ. ಕೋಳಿ ಎಲ್ಲಿ ಎಂದು ಡಾಕ್ಟರರು ಕೇಳಿದಾಗ ನಾನು ಎದೆಯ ಮೇಲೆ ಕೈಯಿಟ್ಟುಕೊಂಡೆ. ಕುತ್ತಿಗೆ ಚಾಚಿದೆ, ಬಾಯಿ ತೆರೆದೆ, ಗೊರಗುಟ್ಟಿದೆ, ಕೊನೆಗೆ ಸೀನಿದೆ. ಸಾಲಿನಲ್ಲಿದ್ದ ಮೇಕೆಯೊಂದು ಹಿಂದೆ ಸರಿಯಿತು. ಅದನ್ನು ಹಿಡಿದಿದ್ದ ಮುದುಕ, ಈ ಹುಡುಗನನ್ನು ಮೊದಲು ನೋಡಿರಿ ಎಂದು ಮರಾಠಿಯಲ್ಲಿ ಶಿಫಾರಸು ಮಾಡಿದ. ಡಾಕ್ಟರರು ನಗಲಿಲ್ಲ. ಇನ್ನೊಮ್ಮೆ ಮಾಡಿಸಿದರು. ಹಿಕ್ಕೆ ಹೇಗಿದೆ ಎಂದೂ ಕೇಳಿದರು. ಅದನ್ನು ಮಾತ್ರ ಬಾಯಲ್ಲೇ ಹೇಳಿದೆ.

ಹೊಗೆಯ ಸುದ್ದಿ ಬಂದಾಗ ಅವರು ಪೆನ್ನು ಕೆಳಗಿಟ್ಟರು. "ಥಂಡಿ ಹತ್ತಿದ್ದು ಖರೆ. ಆದರ ಅರ್ಧಾ ಬ್ಯಾನಿ ನಿಮ್ಮ ಹೊಗಿದು." ಗೋಣಿ ತೆಗೆಯಿರಿ, ಗಾಳಿಯಾಡಲಿ, ಕೆಳಗೆ ಒಣ ಹೊಟ್ಟು ಹಾಸಿ, ಬೇನೆ ಬಿದ್ದವನ್ನು ಬೇರೆ ಇಡಿ ಎಂದು ಹೇಳಿ, ನೀರಿನಲ್ಲಿ ಬೆರೆಸಲು ಪುಡಿ ಬರೆದುಕೊಟ್ಟರು.

ಪುಡಿ ತರುವುದು ಸುಲಭವಾಗಿತ್ತು. ಆಯಿಗೆ ಹೇಳುವುದೇ ಕಷ್ಟ. ನಾನು ಡಾಕ್ಟರರ ದನಿಯಲ್ಲೇ ಹೇಳಿದೆ. ಆಯಿ ಒಲೆ ಊದುವ ಕೊಳವೆ ಎತ್ತಿಕೊಂಡಳು. ನಿಮ್ಮಪ್ಪನನ್ನೂ ಇದೇ ಹೊಗೆಯಲ್ಲಿ ಬೆಳೆಸಿದ್ದೇನೆ ಎಂದಳು. ಅಪ್ಪ ಸರಿಯಾಗಿ ಆಗಲೇ ಕೆಮ್ಮಿದ.

ವೈನಿ ಮೆಲ್ಲಗೆ ಹೊಗೆಯಾಡುತ್ತಿದ್ದ ಬುಟ್ಟಿಯ ಹತ್ತಿರ ಕೂತಳು. "ಆಯಿ, ಇವು ಕುರಿ ಅಲ್ರೀ. ಒಂದ್ ಸಲ ನೀವ ಇದರಾಗ ಮಾರಿ ಇಟ್ಟು ನೋಡ್ರಿ."

ಆಯಿ ಹಟಕ್ಕೆ ಬಿದ್ದು ಗೋಣಿ ಎತ್ತಿ ಮುಖ ಒಳಗಿಟ್ಟಳು. ಕ್ಷಣದಲ್ಲೇ ಕುತ್ತಿಗೆ ಚಾಚಿ, ಬಾಯಿ ತೆರೆದು, ಗೊರಗುಟ್ಟಿ, ಸೀನಿ ಹೊರಬಂದಳು. ನಾನು ದವಾಖಾನೆಯಲ್ಲಿ ಮಾಡಿದ್ದಕ್ಕಿಂತ ಚೊಲೊ ಇತ್ತು. ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ಬೆರಳು ತೋರಿಸಿದಳು: "ನೀ ಇದನ್ನ ಊರಾಗ ಮಾಡಿ ತೋರಿಸಿದಿ ಅಂದ್ರ ನೋಡು." ಆಮೇಲೆ ತಾನೇ ಗೋಣಿ ಎಳೆದೊಗೆದು, ಹೊಗೆಯ ಮಡಕೆಯನ್ನು ಕುರಿದೊಡ್ಡಿಗೆ ಒಯ್ದಳು.

ಒಂಬತ್ತೂ ಉಳಿದವು. ಅವುಗಳಲ್ಲೊಂದು ಹುಂಜವಾಯಿತು, ಗಂಟಲು ಮಾತ್ರ ಗೊಗ್ಗರಾಗಿಯೇ ಉಳಿಯಿತು. ಅದು ಕೂಗಿದರೆ ನಮ್ಮ ಮನೆಯಲ್ಲಿ ಯಾರೂ ಏಳುವುದಿಲ್ಲ. ನಾನೇ ಕೂಗಿದೆನೆಂದು ಮಲಗಿದಲ್ಲಿಂದಲೇ ಬೈಯುತ್ತಾರೆ. ಆಯಿ ಮಾತ್ರ ಎದ್ದು ಒಂದು ಹಿಡಿ ಜೋಳ ಎರಚುತ್ತಾಳೆ. ದಾರಿಯಲ್ಲಿ ಯಾರಾದರೂ ಕೇಳಿದರೆ, ನಮ್ಮ ಕೋಳಿ ಎನ್ನುತ್ತಾಳೆ.