ತೆರೆದೇ ಇದ್ದ ಅಳತೆಗಳು

ನಮ್ಮ ಕಟ್ಟಡದ ಎರಡನೇ ಮಹಡಿಯ ದರ್ಜಿಗೆ ಐವತ್ತೆರಡು ವರ್ಷ. ಹೆಂಗಸರ ಕೋಟು, ಅಂಗಿ, ಲಂಗ ಹೊಲಿಯುತ್ತಾಳೆ. ಹದಿನೈದು ವರ್ಷದಿಂದ ನನ್ನ ಕೋಟುಗಳೂ ಅವಳ ಕೈಯವೇ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತು ಕಡಿಮೆ ಎಂದುಕೊಂಡಿದ್ದೆ. ಸೂಜಿ ಇಲ್ಲದಾಗಲೂ ಅಷ್ಟೇ. ಬಟ್ಟೆ ಕತ್ತರಿಸುವ ಅವಳ ಅತ್ತಿಗೆ ಇಬ್ಬರ ಪಾಲಿನ ಮಾತನ್ನೂ ಆಡುತ್ತಾಳೆ.

ಕಳೆದ ತಿಂಗಳು ಹೊಸ ಪ್ರಿಂಟರ್ ಜೋಡಿಸಲು ಕೂತೆ. ಕಂಪ್ಯೂಟರಿನಲ್ಲಿ ಹುಡುಕಿದರೆ ಪ್ರಿಂಟರ್ ಸಿಗಲಿಲ್ಲ, ನೆರೆಹೊರೆಯವರು ಸಿಕ್ಕರು. ಇಡೀ ಕಟ್ಟಡಕ್ಕೆ ಇಂಟರ್ನೆಟ್ಟಿನ ಸಂಪರ್ಕ ಒಂದೇ. ಮೀಟರ್ ಕೋಣೆಯ ಪೆಟ್ಟಿಗೆಯಿಂದ ಎಲ್ಲರ ಮನೆಗೂ ವೈರು ಹೋಗಿದೆ. ಆ ಪೆಟ್ಟಿಗೆಯ ಲೆಕ್ಕದಲ್ಲಿ ನಾವೆಲ್ಲ ಒಂದೇ ಮನೆಯವರು. ಪಟ್ಟಿಯಲ್ಲಿ ಆರು ಕಂಪ್ಯೂಟರುಗಳಿದ್ದವು. ಒಂದರ ಹೆಸರು ‘ಹೊಲಿಗೆ’. ಒತ್ತಿದೆ. ಪಾಸ್‌ವರ್ಡ್ ಕೇಳದೆ ತೆರೆದುಕೊಂಡಿತು.

ಒಳಗೆ ಎಂಬತ್ತಾರು ಹೆಂಗಸರ ಅಳತೆ, ಒಬ್ಬೊಬ್ಬರಿಗೆ ಒಂದೊಂದು ಪುಟ. ನನ್ನದನ್ನು ತೆರೆದೆ. ಕತ್ತು, ಎದೆ, ಸೊಂಟದ ಅಂಕಿಗಳ ಕೆಳಗೆ ಬರೆದಿತ್ತು: ‘ಎಡ ಭುಜ ಅರ್ಧ ಇಂಚು ತಗ್ಗು. ವರ್ಷವರ್ಷ ಹೆಚ್ಚುತ್ತಿದೆ. ಒಳಗೆ ಬಟ್ಟೆ ಕೊಟ್ಟು ಸರಿಮಾಡುವುದು. ಅವರಿಗೆ ಹೇಳುವುದು ಬೇಡ.’ ನನ್ನ ನಿಲುವು ನೇರ ಎಂದು ನಂಬಿದ್ದೆ. ನೇರವಾಗಿದ್ದದ್ದು ಕೋಟು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮೂರನೇ ಮಹಡಿಯ ಸಂಗೀತದ ಟೀಚರ ಪುಟವನ್ನೂ ತೆರೆದೆ. ಆಪರೇಷನ್ ಮಾಡಿ ಅವರ ಬಲ ಸ್ತನ ತೆಗೆದಿದ್ದಾರೆಂದು ನನಗೆ ತಿಳಿದದ್ದು ಅಲ್ಲಿ; ದರ್ಜಿಯ ಮನೆಯ ಆಚೆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಳಪದರ ಎಷ್ಟು ದಪ್ಪವಿರಬೇಕು, ಯಾವ ಹೊಲಿಗೆ ಗಾಯಕ್ಕೆ ಉಜ್ಜುತ್ತದೆ, ತೋಳು ಎಷ್ಟು ಎತ್ತಲಾಗುತ್ತದೆ, ಹೋದ ತಿಂಗಳಿಗಿಂತ ಎಷ್ಟು ಹೆಚ್ಚು: ಎರಡು ವರ್ಷದ ಟಿಪ್ಪಣಿ. ವಿಶ್ವವಿದ್ಯಾಲಯದಲ್ಲಿ ನಲವತ್ತು ವರ್ಷ ಸಂಶೋಧನಾ ಪ್ರಬಂಧಗಳನ್ನು ತಿದ್ದಿದ್ದೇನೆ. ಇಷ್ಟು ಎಚ್ಚರದ ಬರಹ ನನ್ನ ಮೇಜಿಗೆ ಬಂದದ್ದು ಅಪರೂಪ.

ಕೆಳಗಿಳಿದು ಹೋಗಿ ವಿಷಯ ಹೇಳಿದೆ. ದರ್ಜಿಯ ಮಷೀನು ನಿಂತಿತು.

“ಪಾಸ್‌ವರ್ಡ್ ತೆಗೆಸಿದ್ದು ನಾನೇ,” ಎಂದಳು ಅತ್ತಿಗೆ. “ಕೈತುಂಬ ಸೀಮೆಸುಣ್ಣ, ಗಳಿಗೆಗೊಂದ್ಸಲ ಒತ್ತೋಕಾಗುತ್ತಾ? ಇವಳ ಮೇಜಲ್ಲಿ ಬರೆದಿದ್ದು ನನ್ನ ಮೇಜಲ್ಲಿ ಕಾಣ್ಲಿ ಅಂದ್ರೆ ಊರಿಗೆಲ್ಲ ಕಾಣ್ಸುತ್ತೆ ಅಂತ ಯಾರಿಗ್ಗೊತ್ತಿತ್ತು?”

“ಊರಿಗಲ್ಲ, ಕಟ್ಟಡಕ್ಕೆ,” ಎಂದೆ.

“ಊರೇ ವಾಸಿ ಮೇಡಂ. ಊರಿನೋರು ದಿನಾ ಮೆಟ್ಟಿಲ ಮೇಲೆ ಎದುರು ಸಿಗಲ್ಲ.”

ದರ್ಜಿ ಸೂಜಿಗಳನ್ನು ಬಾಯಿಂದ ತೆಗೆದಳು. “ಯಾರ್ಯಾರು ನೋಡಿರಬಹುದು?”

“ತಿಳಿಯುವ ದಾರಿ ಇಲ್ಲ,” ಎಂದೆ. ಫೋಲ್ಡರಿಗೆ ಪಾಸ್‌ವರ್ಡ್ ಹಾಕಿದೆ. ನಿಮ್ಮ ಮನೆಗೇ ಬೇರೆ ರೌಟರ್ ಹಾಕಿಸಿಕೊಳ್ಳಿ ಎಂದೂ ಹೇಳಿದೆ.

“ಎಲ್ಲರಿಗೂ ಹೋಗಿ ಹೇಳ್ಬೇಕು,” ಎಂದಳು ದರ್ಜಿ.

“ತಲೆ ಕೆಟ್ಟಿದೆಯೇನೇ? ಈಗ ಮುಚ್ಚಿದ್ದಾಯ್ತಲ್ಲ! ಹೇಳಿದ್ರೆ ನಾಳೆಯಿಂದ ನಿನ್ನ ಟೇಪಿಗೆ ಯಾರೇ ಮೈ ಕೊಡ್ತಾರೆ? ಇಬ್ರೂ ನೊಣ ಹೊಡ್ಕೊಂಡು ಕೂರ್ಬೇಕಷ್ಟೆ.”

“ಕೊಡ್ದಿದ್ರೆ ಬೇಡ ಅತ್ತಿಗೆ. ಗೊತ್ತಿಲ್ದೆ ಕೊಡೋದು ಬೇಡ.” ಆಮೇಲೆ ನನ್ನ ಕಡೆ ತಿರುಗಿದಳು. “ನೀವು ಯಾರ್ದೆಲ್ಲ ಓದಿದ್ರಿ ಮೇಡಂ?”

ಆ ದನಿಯಲ್ಲಿ ನಾನು ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ.

“ನನ್ನದು. ಟೀಚರದ್ದು.”

“ಹಾಗಾದ್ರೆ ಅವರ ಮನೆಗೆ ನೀವೂ ಬನ್ನಿ. ನನ್ನ ತಪ್ಪು ನಾನು ಹೇಳ್ತೀನಿ, ನಿಮ್ದು ನೀವು.”

ಹೋದೆ. ಟೀಚರು ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡರು. ದರ್ಜಿ ತಲೆ ತಗ್ಗಿಸಲಿಲ್ಲ, ಅತ್ತಿಗೆಯ ಮಾತೆತ್ತಲಿಲ್ಲ. ನಾನು ಎರಡೇ ವಾಕ್ಯ ಹೇಳಿದೆ: ನಿಮ್ಮ ಪುಟ ತೆರೆದೆ, ಓದಿದೆ. ಟೀಚರು ಬಾಗಿಲು ಹಾಕಿಕೊಂಡರು. ದರ್ಜಿ ಪಕ್ಕದ ಬಾಗಿಲು ತಟ್ಟಿದಳು.

ಯಾರಿಗೂ ಫೋನಿನಲ್ಲಿ ಹೇಳಲಿಲ್ಲ. ಹತ್ತು ದಿನ ಮನೆಮನೆಗೆ ನಡೆದಳು. ಹದಿಮೂರು ಜನ ಅವಳ ಹತ್ತಿರ ಹೊಲಿಸುವುದನ್ನೇ ಬಿಟ್ಟರು. ನನಗೆ ಎಪ್ಪತ್ತಾರು ವರ್ಷ; ಇಂಥ ನಡಿಗೆಯನ್ನು ನಾನು ನೋಡಿರಲಿಲ್ಲ.

ನಿನ್ನೆ ನಾನು ಕೋಟು ತರಲು ಹೋಗಿದ್ದಾಗ ಟೀಚರು ಬಂದರು. ಕೈಯಲ್ಲಿ ಬೂದು ಬಣ್ಣದ ಬಟ್ಟೆಯಿತ್ತು.

“ಅಳತೆ ಎಲ್ಲಿ ಬರ್ಕೋತೀಯ?”

“ಬೇಡ ಅಂದ್ರೆ ಎಲ್ಲೂ ಬರ್ಯಲ್ಲ.”

“ಬರ್ಕೋ. ನೀನು ಮರೆತ್ರೆ ಚುಚ್ಚೋದು ನನಗೆ.” ಆಮೇಲೆ ನನ್ನತ್ತ ಗಲ್ಲ ಎತ್ತಿ ತೋರಿಸಿದರು. “ಮೊದ್ಲು ಇವರನ್ನ ಆಚೆ ಕಳ್ಸು.”

ಎದ್ದು ಹೊರಗೆ ಬಂದೆ. ಹಿಂದೆ ಚಿಲಕ ಹಾಕಿದ ಸದ್ದು ಕೇಳಿಸಿತು.