ಸಿಸ್ಸಾ ಯಾರ ಮಗಳು

ಸ್ಕೋನೆ ಸೀಮೆಯ ನಮ್ಮ ಊರಿನಲ್ಲಿ ಅಪ್ಪನ ಹೆಸರೇ ಮಕ್ಕಳ ಅಡ್ಡಹೆಸರು. ಮೋನ್ಸನ ಮಗ ಮೋನ್ಸ್‌ಸನ್, ಮಗಳು ಮೋನ್ಸ್‌ದೊತ್ತರ್. ಮದುವೆಯಾದರೂ ಹೆಣ್ಣು ಅಪ್ಪನ ಹೆಸರು ಹೊತ್ತೇ ಬದುಕುತ್ತಾಳೆ. ಸಿಸ್ಸಾಳಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ತಾಯಿ ಎಲ್ನಾಳ ಹೆಸರು ಹಿಡಿದು ಊರೆಲ್ಲ ಅವಳನ್ನು ಎಲ್ನಾದೊತ್ತರ್ ಎಂದಿತು. ಹಾಗೆಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಲ್ನಾ ಶ್ರೀಮಂತ ರೈತ ತ್ರುಲ್ಸನ ಮನೆಯಲ್ಲಿ ಹಾಲು ಕರೆಯುತ್ತಿದ್ದವಳು. ಬಸುರಾದಾಗ ಅವನ ಹೆಸರು ಹೇಳಿದಳು. ಅವನು ನ್ಯಾಯಾಧೀಶರ ಮುಂದೆ ಬೈಬಲ್ ಮೇಲೆ ಕೈಯಿಟ್ಟು ‘ನಾನಲ್ಲ’ ಎಂದುಬಿಟ್ಟ. ಗಂಡಸು ಆಣೆಯಿಟ್ಟರೆ ಮುಗಿಯಿತು, ಕಾನೂನು ಕೈತೊಳೆದುಕೊಳ್ಳುತ್ತಿತ್ತು. ಎಷ್ಟು ಸಲೀಸು ನೋಡಿ! ಹುಟ್ಟಿದ ಮಗುವಿನ ಗದ್ದ, ಮೂಗು ಎಲ್ಲ ತ್ರುಲ್ಸನದೇ ಪಡಿಯಚ್ಚು. ಪ್ರತಿ ಭಾನುವಾರ ಚರ್ಚಿನಲ್ಲಿ ಜನ ಎರಡೂ ಮುಖ ನೋಡುತ್ತಿದ್ದರು, ಪ್ರಾರ್ಥನೆಗೆ ತಲೆ ತಗ್ಗಿಸುತ್ತಿದ್ದರು.

ಸಿಸ್ಸಾ ಬಡಗಿ ಮೋನ್ಸನನ್ನು ಮದುವೆಯಾದಳು. ಮಕ್ಕಳೆಲ್ಲ ಅವನ ಹೆಸರಿನಲ್ಲಿ ತಲೆಯೆತ್ತಿ ತಿರುಗಿದರು.

“ಬಿಡೇ ಅತ್ಲಾಗೆ, ಹೆಸರೇನು ರೊಟ್ಟಿ ಕೊಡತ್ತಾ?” ಎನ್ನುತ್ತಿದ್ದ ಮೋನ್ಸ.

“ನಿಮಗಿದೆಯಲ್ಲ, ಅದಕ್ಕೇ ಹಾಗಂತೀರಿ,” ಎನ್ನುತ್ತಿದ್ದಳು.

ತ್ರುಲ್ಸನ ಹೆಂಡತಿ ತೀರಿಕೊಂಡಳು. ಅವನೂ ಹಾಸಿಗೆ ಹಿಡಿದಾಗ ನೋಡಿಕೊಳ್ಳುವವರಿಲ್ಲದೆ ಸಿಸ್ಸಾಳಿಗೇ ಹೇಳಿಕಳಿಸಿದ. ಹೋಗಬಾರದಿತ್ತು, ಹೋದಳು. ಗಂಜಿ ಕುಡಿಸಿದಳು, ಮೈ ಒರೆಸಿದಳು. ಒಂದು ಬೆಳಿಗ್ಗೆ ಅವನು ಅವಳ ಕೈ ಹಿಡಿದ.

“ನೀನು ನನ್ನ ಮಗಳು ಕಣೇ.”

“ಪಾದ್ರಿಗಳ ಮುಂದೆ ಹೇಳ್ತೀರಾ?”

“ಹೇಳ್ತೀನಿ. ಕರ್ಕೊಂಡ್ ಬಾ.”

ಐವತ್ತು ದಾಟಿದ ಹೆಂಗಸು ಕೆಸರಿನಲ್ಲಿ ಹುಡುಗಿಯಂತೆ ಓಡಿದಳು. ದಾರಿಯುದ್ದಕ್ಕೂ ತ್ರುಲ್ಸ್‌ದೊತ್ತರ್, ತ್ರುಲ್ಸ್‌ದೊತ್ತರ್ ಎಂದು ಬಾಯಲ್ಲೇ ಹೇಳಿ ನೋಡಿಕೊಂಡಳು.

ಪಾದ್ರಿಗಳು ಊರಿಗೆ ಹೊಸಬರು. ಬೈಬಲ್ ತೆಗೆದು ಮಂಚದ ಪಕ್ಕ ಕೂತರು. “ಮನಸ್ಸಲ್ಲಿ ಏನಾದ್ರೂ ಇದ್ರೆ ಹೇಳಿಬಿಡಿ, ತ್ರುಲ್ಸ್.”

ತ್ರುಲ್ಸ ಆ ಪುಸ್ತಕವನ್ನೇ ನೋಡಿದ. ಹೌದೆಂದರೆ ಅಂದು ಸುಳ್ಳಾಣೆ ಇಟ್ಟವನಾಗುತ್ತಾನೆ. ಇಷ್ಟು ವರ್ಷ ಚರ್ಚಿನ ಮುಂದಿನ ಸಾಲಿನಲ್ಲಿ ಕೂತ ಮಾನ ಏನಾಗಬೇಕು?

“ಏನೂ ಇಲ್ಲ ಸ್ವಾಮಿ. ಈ ಹೆಂಗಸು ಸುಮ್ನೆ ಗಾಬರಿಬಿದ್ದು ನಿಮಗೆ ತೊಂದ್ರೆ ಕೊಟ್ಳು.”

ಪಾದ್ರಿಗಳು ಅವನಿಗೆ ಪ್ರಸಾದದ ರೊಟ್ಟಿ, ದ್ರಾಕ್ಷಾರಸ ಕೊಟ್ಟರು. ಅವನು ನೆಮ್ಮದಿಯಿಂದ ಕಣ್ಣು ಮುಚ್ಚಿದ, ಸಂಜೆಯೊಳಗೆ ಸತ್ತ.

ಹೆಣ ತೊಳೆಯಲು ಅವಳು ನೀರು ಕಾಯಿಸುತ್ತಿದ್ದಾಗ ಪಾದ್ರಿಗಳು ಮತ್ತೆ ಬಂದರು.

“ನೀವು ಇವರಿಗೆ ಏನಾಗ್ಬೇಕಮ್ಮ?”

“ಏನೂ ಆಗ್ಬೇಕಿಲ್ಲ,” ಎಂದಳು ಸಿಸ್ಸಾ. ಹಂಡೆಯನ್ನು ಒಲೆಯ ಮೇಲೇ ಬಿಟ್ಟು ಮನೆಗೆ ಹೊರಟಳು.