ಬೇವಿನ ಜಾಗದ ಕಂಬ

ಆಗಿನ್ನೂ ಕೊಣ್ಣೂರಿನ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಕಂದೀಲಿನ ಗಾಜು ಒರೆಸುವುದರಿಂದ. ನಮ್ಮ ಮನೆಯಲ್ಲಿ ಆ ಕೆಲಸ ನೀಲವ್ವತ್ತೆಯದು. ಅವಳು ಅಪ್ಪನ ತಂಗಿ; ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮರಳಿ ಬಂದವಳು. ಆ ದಿನವೂ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಪುಂಡಿಪಲ್ಯದ ಹುಳಿ ವಾಸನೆ ಹಿತ್ತಿಲಿನವರೆಗೆ ಬರುತ್ತಿತ್ತು. ಅತ್ತೆ ಬೂದಿ ಹಚ್ಚಿದ ಅರಿವೆಯನ್ನು ಗಾಜಿನೊಳಗೆ ತಿರುವುತ್ತಿದ್ದಳು. ನನಗೆ ಎಂಟು ವರ್ಷ. ಕೈ ಸಣ್ಣದೆಂದು ಗಾಜಿನ ತಳ ಒರೆಸುವುದು ನನ್ನ ಪಾಲಿಗೆ.

ಒರೆಸಿದ ಮೇಲೆ ಅತ್ತೆ ಕಂದೀಲನ್ನು ಗೂಟಕ್ಕೆ ತೂಗುಹಾಕಲಿಲ್ಲ. ಬಾಜೂ ಮನೆಯ ಗಂಗವ್ವನಿಗೆ ಕೊಟ್ಟು ಬಾ ಎಂದಳು. ಸಂಜೆಗೆ ನಮಗೆ ಬೇಡವೇ ಎಂದು ಕೇಳಿದೆ.

"ಇನ್ನ ಮ್ಯಾಲ ನಮಗ್ಯಾಕ ಅದು," ಎಂದು ಬಾಗಿಲ ಮುಂದಿನ ಕಂಬದ ಕಡೆ ನೋಡಿದಳು. ಅಂದು ಸಂಜೆ ತಂತಿಯಲ್ಲಿ ಬೆಳಕು ಬರುತ್ತದೆಂಬುದು ಓಣಿಗೆಲ್ಲ ಗೊತ್ತಿತ್ತು.

ಕಂಬ ನಿಂತ ಜಾಗದಲ್ಲಿ ಹಿಂದಿನ ದೀಪಾವಳಿಯವರೆಗೆ ಬೇವಿನ ಮರವಿತ್ತು. ತವರಿಗೆ ಬಂದ ವರ್ಷ ಅತ್ತೆಯೇ ನೆಟ್ಟದ್ದು. ಓಣಿಯವರು ಕೊಟ್ಟ ಹಳೆಯ ಸೀರೆಗಳನ್ನು ಅವಳು ಅದರ ನೆರಳಲ್ಲಿ ಕೂತು ಕೌದಿಯಾಗಿ ಹೊಲಿಯುತ್ತಿದ್ದಳು. ಅವರು ಜೋಳ ಕೊಡುತ್ತಿದ್ದರು. ಅಣ್ಣನ ಮನೆಯಲ್ಲಿ ತಾನು ತಿನ್ನುವ ರೊಟ್ಟಿಗೆ ತನ್ನದೇ ಜೋಳವಿರಬೇಕೆಂಬುದು ಅವಳ ಒಂದೇ ಹಟ. ಆದರೆ ಹಗಲೆಲ್ಲ ನೀರು, ಸಗಣಿ, ಬೀಸುವ ಕಲ್ಲು. ಹೊಲಿಗೆಗೆ ಸಿಗುತ್ತಿದ್ದುದು ಮಧ್ಯಾಹ್ನದ ಎರಡು ತಾಸು. ಕಂದೀಲಿನ ಬೆಳಕಿಗೆ ಸೂಜಿ ಹಿಡಿದರೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಟೋಪಿ ಹಾಕಿದ ಇಬ್ಬರು ಸರಪಳಿ ಹಿಡಿದು ಓಣಿ ಅಳೆದು, ತಂತಿಗೆ ಮರ ಅಡ್ಡವಾಗುತ್ತದೆ ಎಂದಾಗ ಅಪ್ಪ ಹಿಂದೆಮುಂದೆ ನೋಡಿದ. ಬಾಗಿಲ ಮರೆಯಿಂದ ಅತ್ತೆಯೇ ಹೇಳಿದಳು: "ಕಡೀಲಿ ಬಿಡಣ್ಣಾ. ಬೆಳಕ ಬಂದ್ರ ಸಂಜಿ ಮುಂದನೂ ಹೊಲೀತೀನಿ."

ತಂತಿ ಯಾರ ಮನೆಗೆ ಎಂದು ಅಪ್ಪ ಕೇಳಲಿಲ್ಲ. ಬಾಗಿಲ ಮುಂದೆಯೇ ಬಂದು ನಿಂತದ್ದು ಒಳಗೆ ಬರುವುದಿಲ್ಲವೆಂದು ನಮ್ಮ ಓಣಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕಂಬ ನೆಟ್ಟ ದಿನ ಮುತ್ತೈದೆಯರು ತವರಿಗೆ ಬಂದ ಮಗಳೆಂಬಂತೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಕುಬಸದ ಖಣ ಸುತ್ತಿ, ಕೊಬ್ಬರಿ ಬಟ್ಟಲಿಟ್ಟು ಉಡಿ ತುಂಬಿದರು. ವಿಧವೆಯಾದ ಅತ್ತೆ ಮುಟ್ಟುವಂತಿರಲಿಲ್ಲ. ಖಣದ ಅಂಚು ಹೊಲಿದುಕೊಟ್ಟು ದೂರ ನಿಂತಳು. ಮರುವಾರ ನಮ್ಮ ಗೋಡೆಯ ದೀಪದ ಗೂಡಿಗೆ ತಾನೇ ಮಣ್ಣು ಮೆತ್ತಿ ಮುಚ್ಚಿದಳು. ಅವಳನ್ನು ನೋಡಿ ಇನ್ನೆರಡು ಮನೆಯವರೂ ಮುಚ್ಚಿದರು. ನಾವು ಮಕ್ಕಳು ಕಂಬಕ್ಕೆ ಕಿವಿಹಚ್ಚಿ, ಗಾಳಿಗೆ ಗುಂಯ್‌ಗುಡುವ ಸದ್ದಿನಲ್ಲಿ ಏನು ಕೇಳಿಸಿತೆಂದು ಹೇಳುವ ಆಟ ಹೂಡಿದೆವು. ಒಬ್ಬಳಿಗೆ ರೈಲು, ಇನ್ನೊಬ್ಬಳಿಗೆ ನಲ್ಲಿಯ ನೀರು. ನನಗೆ ಬೆಳಗಾವಿ ಕೇಳಿಸಿತ್ತು.

ಕಂದೀಲು ಕೊಟ್ಟುಬಂದ ದಿನ ಸಂಜೆ ಅತ್ತೆ ಮುಖ ತೊಳೆದುಕೊಂಡು ಕಟ್ಟೆಯ ಮೇಲೆ ಕೂತಳು. ಮಡಿಲಲ್ಲಿ ಅರ್ಧ ಹೊಲಿದ ಕೌದಿ. ಹಗಲಿನ ಬೆಳಕಿರುವಾಗಲೇ ಸೂಜಿ ಪೋಣಿಸಿಟ್ಟುಕೊಂಡಿದ್ದಳು. ಎಲ್ಲರೂ ಕತ್ತೆತ್ತಿ ಕಂಬ ನೋಡುತ್ತಿದ್ದೆವು. ಕತ್ತಲಾಯಿತು. ಆಮೇಲೆ ಹೊಳೆಯಾಚೆಯ ಸಾಹೇಬರ ಬಂಗಲೆಯಲ್ಲಿ ಒಂದೊಂದೇ ಕಿಟಕಿ ಬೆಳಗಿತು. ನಮ್ಮ ಕಂಬ ಹಾಗೆಯೇ ನಿಂತಿತ್ತು.

ತಂತಿ ಎಳೆದ ಕೆಲಸದವರನ್ನು ಕೇಳಲು ಹೋದ ಅಪ್ಪ ತಲೆ ತಗ್ಗಿಸಿಕೊಂಡು ಬಂದ. "ಬಂಗಲೇದಂತ ಈ ತಂತಿ. ನಮ್ಮ ಓಣ್ಯಾಗಿಂದ ಹಾದು ಹೋಗೂದಷ್ಟ ಅಂತ."

ಅತ್ತೆ ಬೆರಳಿನಿಂದ ತಡವಿ ಸೂಜಿಯನ್ನು ಅರಿವೆಗೆ ಚುಚ್ಚಿಟ್ಟು ಕೌದಿ ಮಡಚಿದಳು.

ಆಮೇಲಿನ ವರ್ಷಗಳಲ್ಲಿ ಅವಳು ಗೋಡೆಯ ಗೇಣಗಲ ನೆರಳಿನ ಹಿಂದೆ ಚಾಪೆ ಎಳೆದುಕೊಳ್ಳುತ್ತ ಹೊಲಿದಳು. ಕೌದಿಗಳು ಕಡಿಮೆಯಾದವು. ಅಣ್ಣನ ಜೋಳದ ರೊಟ್ಟಿಯನ್ನು ಅರ್ಧ ತಿಂದು ಹಸಿವಿಲ್ಲವೆಂದು ಏಳುತ್ತಿದ್ದಳು. ನಾನು ಬೆಳಗಾವಿಯ ಕಾನ್ವೆಂಟಿಗೆ ಹೋದೆ; ಅಲ್ಲಿ ಸಾಲಾಗಿ ತೂಗುತ್ತಿದ್ದ ಬಲ್ಬುಗಳ ಕೆಳಗೆ ಕಸೂತಿ ಕಲಿತೆ. ಅಷ್ಟು ಬೆಳಕನ್ನು ನಾನೊಬ್ಬಳೇ ಉಣ್ಣುತ್ತಿದ್ದೇನೆ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು. ಓಣಿಗೆ ದೀಪ ಬರುವ ಹೊತ್ತಿಗೆ ನನಗೆ ಎರಡು ಮಕ್ಕಳು, ಅತ್ತೆಯ ಕಣ್ಣಿಗೆ ಪೊರೆ. ನಾನು ಗುಂಡಿ ಒತ್ತಿದಾಗ ಅವಳು ಮುಖ ಮೇಲೆತ್ತಿ, "ಹತ್ತೇತೇನ?" ಎಂದು ಕೇಳಿದಳು.

ಈಗ ನನ್ನ ಅಡುಗೆಮನೆಯೊಂದರಲ್ಲೇ ಮೂರು ದೀಪಗಳಿವೆ. ಓಣಿಯಲ್ಲಿ ಮತ್ತೊಂದು ಬೇವನ್ನು ಯಾರೂ ನೆಡಲಿಲ್ಲ, ಕಂಬವಿದ್ದಲ್ಲಿ ನೆಡಗೊಡುವುದಿಲ್ಲವಂತೆ.

ಕಂಬ ಬೆಳಗದ ಆ ಸಂಜೆ ಕೊನೆಗೆ ಬಂದವಳು ಗಂಗವ್ವ. ಬೆಳಿಗ್ಗೆ ನಾನು ಕೊಟ್ಟುಬಂದ ಕಂದೀಲನ್ನು ಹಚ್ಚಿಕೊಂಡೇ ತಂದಿದ್ದಳು. ಕಟ್ಟೆಯ ಮೇಲೆ ಅದನ್ನಿಟ್ಟು, ಮಾಸಿದ ಖಣ ಇನ್ನೂ ಸುತ್ತಿಕೊಂಡಿದ್ದ ಕಂಬವನ್ನು ಅಂಗೈಯಿಂದ ತಟ್ಟಿ ನೋಡಿದಳು.

"ತಗೋ ನೀಲಕ್ಕ, ನಿನ್ನ ಕಂದೀಲಾ. ಕಂಬ ಗಟ್ಟಿ ಐತಿ ಬಿಡು, ನಾಳಿಂದ ನಮ್ಮ ಎಮ್ಮಿ ಇದಕ್ಕ ಕಟ್ತೀನಿ."